ಎರಡನೇ ಸೀಟು

ಟ್ರೇಲರ್ ತಗೊಳ್ಳೋಣ ಎಂದು ಲತಾಮಣಿ ಹೇಳಿದ ದಿನ ಸುಭಾಷ್ ಅದನ್ನು ತಮಾಷೆ ಅಂದುಕೊಂಡ.

“ಯಾವ ಟ್ರೇಲರು? ಟ್ರ್ಯಾಕ್ಟರ್ ಹಿಂದೆ ಕಬ್ಬು ತುಂಬ್ಕೊಂಡು ಹೋಗುತ್ತಲ್ಲ, ಅದಾ?”

“ಮಲಗೋ ಟ್ರೇಲರು ರೀ. ಒಳಗೆ ಹಾಸಿಗೆ, ಹಿಂದೆ ಒಲೆ. ನಮ್ಮ ಜೀಪಿಗೆ ಕಟ್ಕೊಂಡು ಮಣ್ಣಿನ ರಸ್ತೇಲೂ ಹೋಗಬಹುದು.”

“ಹೋಗೋದು ಎಲ್ಲಿಗೆ?”

“ಬೋರಣ್ಣನ ಹೊಲಕ್ಕೆ. ಬುದ್ಧಪೂರ್ಣಿಮೆಗೆ.”

ಸುಭಾಷ್ ಟೀವಿಯ ಸೌಂಡು ಸ್ವಲ್ಪ ಏರಿಸಿದ. ಹದಿನೇಳು ವರ್ಷದ ಸಂಸಾರದಲ್ಲಿ ಇದರ ಅರ್ಥ ಅವಳಿಗೆ ಗೊತ್ತಿತ್ತು. ಬೇಡ ಅನ್ನುವುದಿದ್ದರೆ ಅಷ್ಟೊತ್ತಿಗೆ ಅಂದಿರುತ್ತಿದ್ದ.

ಬೋರಯ್ಯ ಮತ್ತು ಸುಭಾಷ್ ಸಾರಿಗೆ ಸಂಸ್ಥೆಯ ವರ್ಕ್‌ಶಾಪಿನಲ್ಲಿ ಬಸ್ಸಿನ ಬಾಡಿ ಕಟ್ಟುವ ಕಡೆ ಜೊತೆಗೆ ದುಡಿದವರು. ಬೋರಯ್ಯನ ಹೊಲ ಇರುವುದು ಕನಕಪುರ ದಾಟಿ, ಟಾರು ಮುಗಿದು, ಮೂರು ಕಿಲೋಮೀಟರು ಮಣ್ಣಿನ ದಾರಿ ಕಳೆದ ಮೇಲೆ. ಹೊಲದ ಅಂಚಿನಲ್ಲಿ ಒಂದು ಹಾಸುಬಂಡೆ. ವರ್ಷಕ್ಕೊಮ್ಮೆ ಬುದ್ಧಪೂರ್ಣಿಮೆಗೆ ವರ್ಕ್‌ಶಾಪಿನ ಐದಾರು ಮಂದಿ ಅಲ್ಲಿ ಸೇರುವುದು, ಬುದ್ಧವಂದನೆ ಹೇಳಿ ಪಾಯಸ ಕಾಯಿಸುವುದು, ಬಂಡೆಯ ಮೇಲೆ ಮಲಗಿ ಬೆಳಗ್ಗೆ ಊರಿಗೆ ಬರುವುದು, ಇವೆಲ್ಲ ಮದುವೆಗೆ ಮುಂಚಿನಿಂದ ನಡೆದುಕೊಂಡು ಬಂದದ್ದು. ಮಿಕ್ಕವರು ಈಗಲೂ ಹೋಗುತ್ತಾರೆ. ಸುಭಾಷ್‌ಗೆ ಮಾತ್ರ ತಪ್ಪಿ ಮೂರು ವರ್ಷವಾಯಿತು.

ಮೂರು ವರ್ಷದ ಹಿಂದೆ ಅವನ ಎರಡೂ ಕಿಡ್ನಿ ಕೈಕೊಟ್ಟವು. ಆಸ್ಪತ್ರೆಗೆ ವಾರಕ್ಕೆ ಮೂರು ಸಲ ಹೋಗಿ ರಕ್ತ ಶುದ್ಧ ಮಾಡಿಸಿಕೊಳ್ಳುವ ಡಯಾಲಿಸಿಸ್ ಅವನ ಹೃದಯಕ್ಕೆ ಒಗ್ಗಲಿಲ್ಲ. ಹಾಗಾಗಿ ಮನೆಯಲ್ಲೇ ಹೊಟ್ಟೆಯ ಮೂಲಕ ಮಾಡಿಕೊಳ್ಳುವ ಡಯಾಲಿಸಿಸ್. ಹೊಟ್ಟೆಗೆ ಒಂದು ಸಣ್ಣ ಟ್ಯೂಬು. ಒಳಗಿನ ಹಳೇ ದ್ರವ ಕೆಳಗಿಟ್ಟ ಚೀಲಕ್ಕೆ ಇಳಿಯಬೇಕು, ಮೇಲೆ ನೇತುಹಾಕಿದ ಚೀಲದಿಂದ ಎರಡು ಲೀಟರ್ ಹೊಸ ದ್ರವ ಒಳಗೆ ಹೋಗಬೇಕು. ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಮುಕ್ಕಾಲು ಗಂಟೆಯ ಒಳಗೆ. ಬೆಳಗ್ಗೆ ಆರು, ಮಧ್ಯಾಹ್ನ ಹನ್ನೆರಡೂವರೆ, ಸಂಜೆ ಆರು, ರಾತ್ರಿ ಹತ್ತೂವರೆ. ಕಷ್ಟದ ಕೆಲಸವೇನಲ್ಲ, ಆದರೆ ಚೊಕ್ಕಟವಾಗಿರಬೇಕು. ಕಿಟಕಿ ಬಾಗಿಲು ಮುಚ್ಚಿ, ಫ್ಯಾನ್ ನಿಲ್ಲಿಸಿ, ಮಾಸ್ಕ್ ಹಾಕಿ, ಹರಿಯುವ ನೀರಿನಲ್ಲಿ ಕೈ ತೊಳೆದು, ಆಮೇಲೆ ಏನನ್ನೂ ಮುಟ್ಟದೆ ಟ್ಯೂಬು ಜೋಡಿಸಬೇಕು. ಟ್ಯೂಬಿನ ಬಾಯಿಗೆ ಒಂದು ಕಣ ಧೂಳು ಬಿದ್ದರೂ ಹೊಟ್ಟೆಯೊಳಗೆ ಸೋಂಕು.

ಆ ಸೋಂಕು ಒಮ್ಮೆ ಆಗಿಯೂ ಇತ್ತು. ಶ್ರೀನಗರ ಬಡಾವಣೆಯ ಕಡೆ ಯಾರದೋ ಮದುವೆ, ಏಪ್ರಿಲ್ ತಿಂಗಳು. ಊಟದ ಪಂಕ್ತಿಗೆ ಬಡಿಸಲು ಜನ ಸಾಲದೆ ಲತಾಮಣಿಯನ್ನು ಎಳೆದುಕೊಂಡು ಹೋದರು. ಸುಭಾಷ್ ಛತ್ರದ ಮಹಡಿ ರೂಮಿನಲ್ಲಿ ಒಬ್ಬನೇ ಚೀಲ ಬದಲಾಯಿಸಿಕೊಂಡ. ಸೆಕೆ ತಡೆಯಲಾರದೆ ಫ್ಯಾನ್ ಹಾಕಿದ. ಮೂರನೇ ದಿನ ಜ್ವರ, ಹೊಟ್ಟೆನೋವು. ಇಳಿದ ದ್ರವ ಗಂಜಿಯ ಹಾಗೆ. ಹದಿನೆಂಟು ದಿನ ಆಸ್ಪತ್ರೆ. ಡಾಕ್ಟರು ಇನ್ನೊಂದು ಸಲ ಹೀಗಾದರೆ ಈ ದಾರಿಯೂ ಮುಚ್ಚುತ್ತದೆ ಅಂದರು.

ಅಂದಿನಿಂದ ಸುಭಾಷ್ ಸಿದ್ದಾಪುರದ ಮನೆ ಬಿಟ್ಟು ಐದು ಗಂಟೆಗಿಂತ ಹೆಚ್ಚು ಎಲ್ಲೂ ಇದ್ದವನಲ್ಲ. ಲತಾಮಣಿ ಅವನನ್ನು ಒಬ್ಬನೇ ಚೀಲ ಬದಲಾಯಿಸಲು ಬಿಟ್ಟವಳಲ್ಲ. ಬಿಟಿಎಂ ಲೇಔಟಿನ ಗಾರ್ಮೆಂಟ್ಸ್‌ನಲ್ಲಿ ಅವಳು ಪ್ಯಾಟರ್ನ್ ಮಾಸ್ಟರ್. ಅಳತೆ ನೋಡಿ, ಅಂಗಿಯ ಒಂದೊಂದು ಭಾಗವನ್ನೂ ದಪ್ಪ ಕಾಗದದಲ್ಲಿ ಕತ್ತರಿಸಿಕೊಡುವ ಕೆಲಸ. ಮಧ್ಯಾಹ್ನ ಹನ್ನೆರಡಕ್ಕೆ ಸ್ಕೂಟರ್ ಹತ್ತಿ ಡೇರಿ ಸರ್ಕಲ್ಲಿನ ಗಲಾಟೆ ದಾಟಿ ಮನೆಗೆ ಬರುವಳು, ಅವನ ಎದುರು ಕೂತು, ಚೀಲ ನೇತುಹಾಕಿ, ಮುಚ್ಚಳ ತೆಗೆದು, ಮುಗಿಸಿ, ಒಂದೂವರೆಗೆ ವಾಪಸು ಮೇಜಿನ ಮುಂದೆ. ಹೆಚ್ಚುವರಿ ಹೊತ್ತನ್ನು ಸಂಜೆ ತುಂಬಿಸಿಕೊಡುವ ಹಾಗಿಲ್ಲ, ಆರಕ್ಕೆ ಮತ್ತೆ ಮನೆಯಲ್ಲಿರಬೇಕು. ಹಾಗಾಗಿ ಬೆಳಗ್ಗೆ ಎಲ್ಲರಿಗಿಂತ ಒಂದು ಗಂಟೆ ಮೊದಲು ಹೋಗುತ್ತಿದ್ದಳು. ಊಟ ಡಬ್ಬಿಯಲ್ಲೇ ತಣ್ಣಗಾಗಿ, ಎಷ್ಟೋ ದಿನ ಡಬ್ಬಿಯಲ್ಲೇ ಮನೆಗೆ ಬರುತ್ತಿತ್ತು.

ಸೈಟಿಗೆಂದು ಎತ್ತಿಟ್ಟಿದ್ದ ದುಡ್ಡು ಇತ್ತು. ಸೈಟು ಇನ್ನು ಯಾವ ಕಾಲಕ್ಕೋ. ಅವಳು ಟ್ರೇಲರ್ ಹುಡುಕಲು ಹೊರಟಳು.

ಭಾನುವಾರಗಳಲ್ಲಿ, ಎರಡು ಚೀಲಗಳ ನಡುವಿನ ಐದು ಗಂಟೆಯಲ್ಲಿ, ಮೂವರೂ ಹೋಗಿ ನೋಡಿದರು. ಮಗಳು ಅರ್ಪಿತ ಒಂಬತ್ತನೇ ಕ್ಲಾಸು. ಅವಳಿಗೆ ಇಷ್ಟವಾದದ್ದು ಜೆಪಿ ನಗರದಲ್ಲಿ ಕಂಡ ಮೊದಲನೆಯದು. ಕೆಳಗೆ ಸಾಮಾನಿನ ಪೆಟ್ಟಿಗೆ, ಮುಚ್ಚಳ ಬಿಚ್ಚಿದರೆ ಮೇಲೆ ಟೆಂಟು. ಲತಾಮಣಿ ಟೆಂಟಿನ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ ಬೆಳಕಿಗೆ ಹಿಡಿದಳು.

“ಇದು ಜರಡಿ,” ಅಂದಳು.

“ಮೇಡಂ, ವಾಟರ್‌ಪ್ರೂಫು,” ಅಂದ ಮಾರುವವನು.

“ನೀರು ಬರಲ್ಲ. ಧೂಳು ಬರುತ್ತಲ್ಲ.”

ಎರಡನೆಯದು ನೀರಿನ ಹನಿ ಅಡ್ಡ ಮಲಗಿದ ಆಕಾರದ್ದು. ಮುದ್ದಾಗಿತ್ತು, ಗಾಳಿಗೆ ತಡೆ ಕಮ್ಮಿ, ಒಳಗೆ ಹಾಸಿಗೆ ಬಿಟ್ಟು ಬೇರೇನಿಲ್ಲ. ಸುಭಾಷ್ ಒಳಗೆ ಕೂತ. ತಲೆ ಸೂರಿಗೆ ತಾಗಿತು. ಚೀಲ ಭುಜಕ್ಕಿಂತ ಮೇಲಿರಬೇಕು. ಅದನ್ನು ಎಲ್ಲಿಗೆ ನೇತುಹಾಕುವುದು? ಅದೂ ಬಿಟ್ಟುಹೋಯಿತು. ಮೂರನೆಯದು ಚೌಕ ಪೆಟ್ಟಿಗೆ. ನೋಡಲು ರೆಫ್ರಿಜರೇಟರನ್ನು ಮಲಗಿಸಿದ ಹಾಗೆ. ಆದರೆ ಒಳಗೆ ಕೂತರೆ ತಲೆಯ ಮೇಲೆ ಒಂದೂವರೆ ಅಡಿ ಉಳಿಯುತ್ತಿತ್ತು.

“ಇಂಥದ್ದೇ, ನಮ್ಮ ಅಳತೆಗೆ ಮಾಡಿಸೋಣ,” ಅಂದಳು.

ಸರ್ಕಾರದ ಅಪ್ರೂವಲ್ ಇರುವ ಚಾಸಿಸ್ಸನ್ನು, ಅಂದರೆ ಚಕ್ರದ ಮೇಲಿನ ಕಬ್ಬಿಣದ ಚೌಕಟ್ಟನ್ನು, ಮಾಡುವವರ ಹತ್ತಿರವೇ ತಗೊಂಡು, ಮೇಲಿನ ಪೆಟ್ಟಿಗೆಯನ್ನು ಬಿಳೇಕಹಳ್ಳಿಯ ಶಿವರಾಜನಿಗೆ ಒಪ್ಪಿಸಿದರು. ಶಿವರಾಜ ಮೊಬೈಲ್ ಕ್ಯಾಂಟೀನು, ಜ್ಯೂಸ್ ಗಾಡಿಗಳಿಗೆ ಬಾಡಿ ಕಟ್ಟುವವನು. ಮಾತು ಜಾಸ್ತಿ, ಕೆಲಸ ಅಚ್ಚುಕಟ್ಟು.

ಅಲ್ಲಿಯತನಕ “ನಂಗ್ಯಾಕೆ ಅದೆಲ್ಲ” ಎನ್ನುತ್ತಿದ್ದ ಸುಭಾಷ್ ಚಾಸಿಸ್ ಬಂದ ದಿನ ಅದರ ಕೆಳಗೆ ಬಗ್ಗಿದ. ಎದ್ದವನೇ ಶುರು ಮಾಡಿದ. ಚಕ್ರ ಜೀಪಿನ ಸೈಜಿನದೇ ಇರಲಿ, ಒಂದೇ ಸ್ಟೆಪ್ನಿ ಎರಡಕ್ಕೂ ಆಗುತ್ತೆ. ನೀರಿನ ಟ್ಯಾಂಕು ಆಕ್ಸಲ್‌ಗಿಂತ ಮುಂದೆ ಕೂರಲಿ, ಹಿಂದೆ ಭಾರ ಬಿದ್ದರೆ ಗಾಡಿ ಬಾಲ ಆಡಿಸುತ್ತೆ. ಜೀಪಿಗೆ ಕಟ್ಟುವ ಕೊಂಡಿ ಸುತ್ತಲೂ ತಿರುಗುವಂಥದ್ದು ಬೇಕು, ಹಳ್ಳಕ್ಕೆ ಇಳಿಯುವಾಗ ಜೀಪು ಒಂದು ಕಡೆ ವಾಲಿದರೆ ಟ್ರೇಲರು ಇನ್ನೊಂದು ಕಡೆ ವಾಲುತ್ತೆ.

“ಸಾರ್ ಬಾಯಿ ಬಿಟ್ರು ಮೇಡಂ,” ಅಂದ ಶಿವರಾಜ. “ಇಷ್ಟು ದಿನ ಮೂಕ ಅಂದ್ಕೊಂಡಿದ್ದೆ.”

ಒಳಗಿನದು ಪೂರ್ತಿ ಲತಾಮಣಿಯ ಲೆಕ್ಕ. ಅವಳಿಗೆ ಕಾಗದದಲ್ಲಿ ಸಣ್ಣದಾಗಿ ಬರೆದು ಅಭ್ಯಾಸವಿಲ್ಲ. ಅಂಗಿ ಎಷ್ಟಿದೆಯೋ ಪ್ಯಾಟರ್ನೂ ಅಷ್ಟೇ ಇರಬೇಕು. ಮನೆಯ ಟೆರೇಸಿನ ಮೇಲೆ ಸೀಮೆಸುಣ್ಣದಲ್ಲಿ ಟ್ರೇಲರನ್ನು ಪೂರ್ತಿ ಗಾತ್ರಕ್ಕೆ ಬರೆದಳು. ಹಿಂದೆ ಹಾಸಿಗೆ. ಮುಂದೆ, ನಡುವೆ ಒಂದು ಜಾರುಬಾಗಿಲು ಹಾಕಿ, ಅಡ್ಡಕ್ಕೆ ಐದಡಿಯ ಪುಟ್ಟ ಕೋಣೆ, ಅದಕ್ಕೆ ಹೊರಗಿನಿಂದ ಒಂದು ಬಾಗಿಲು, ಒಂದು ಸಣ್ಣ ಕಿಟಕಿ. ಅದರೊಳಗೆ ಎದುರುಬದುರು ಎರಡು ಸೀಟು, ಒಂದು ಅವನಿಗೆ, ಒಂದು ಅವಳಿಗೆ. ಎರಡು ಪ್ಲಾಸ್ಟಿಕ್ ಕುರ್ಚಿ ತಂದು ಗೆರೆಯೊಳಗೆ ಇಟ್ಟು, ಸುಭಾಷ್‌ನನ್ನು ಕೂರಿಸಿ, ತಾನು ಎದುರು ಕೂತು, ಕೈ ಎತ್ತಿ ಇಳಿಸಿ ನೋಡಿದಳು.

ಪಕ್ಕದ ಟೆರೇಸಿನಲ್ಲಿ ಬಟ್ಟೆ ಒಣಗಿಹಾಕುತ್ತಿದ್ದ ನಾರಾಯಣಮ್ಮ ನಿಂತು ನೋಡಿದರು. “ಏನೇ ಲತಾ, ಗಂಡ ಹೆಂಡ್ತಿ ಈ ವಯಸ್ಸಲ್ಲಿ ಕುಂಟೆಬಿಲ್ಲೆ ಆಡ್ತಿದ್ದೀರಾ?”

“ಮನೆ ಕಟ್ತಿದ್ದೀವಿ ಆಂಟಿ.”

“ಇದಾ ಮನೆ? ಇದರೊಳಗೆ ಕೋಳಿ ಬಿಟ್ರೂ ಮೂಗು ಮುರಿಯುತ್ತೆ.”

ಮೂಲೆಗಳೆಲ್ಲ ದುಂಡಗಿರಬೇಕು, ಮೂಲೆ ಇದ್ದರೆ ಧೂಳು ಕೂರುತ್ತೆ ಅಂದಳು ಲತಾಮಣಿ. ಬಾಗಿಲಿಗೆ ಎರಡು ಸುತ್ತು ರಬ್ಬರು. ಕೊಳಾಯಿಯನ್ನು ಕೈಯಿಂದ ಮುಟ್ಟಬಾರದು, ಕಾಲಲ್ಲಿ ತುಳಿದರೆ ನೀರು ಬರಬೇಕು. ಶಿವರಾಜ ಕೊರೊನಾ ಕಾಲದಲ್ಲಿ ಕಾಲಲ್ಲಿ ತುಳಿಯುವ ಸ್ಯಾನಿಟೈಜರ್ ಸ್ಟ್ಯಾಂಡುಗಳನ್ನು ಮಾಡಿ ಮಾರಿದ್ದವನು. ಅಟ್ಟದ ಮೇಲಿಂದ ಒಂದನ್ನು ಇಳಿಸಿ ಅದರ ಪೆಡಲ್ಲನ್ನೇ ಬಿಚ್ಚಿ ಕೂರಿಸಿದ. ಸೂರಿನ ಫ್ಯಾನಿನ ಸ್ವಿಚ್ಚು ಹೊರಗಡೆ ಬರಲಿ ಅಂದಾಗ ಮಾತ್ರ ತಲೆ ಕೆರೆದುಕೊಂಡ.

“ಫ್ಯಾನ್ ಸ್ವಿಚ್ ಯಾರಾದ್ರೂ ಹೊರಗೆ ಹಾಕಿಸ್ತಾರಾ ಮೇಡಂ? ಒಳಗೆ ಕೂತವರಿಗೆ ತಾನೇ ಸೆಕೆ?”

“ಹೊರಗೇ ಇರಲಿ.”

ಸುಭಾಷ್ ಆಚೆ ಕಡೆ ಚಕ್ರದ ನಟ್ಟು ನೋಡುತ್ತಿದ್ದ. ಕೇಳಿಸಿಕೊಂಡನೋ ಇಲ್ಲವೋ, ತಿರುಗಿ ನೋಡಲಿಲ್ಲ.

ಸೀಮೆಸುಣ್ಣದ ಗೆರೆಗಳನ್ನು ದಪ್ಪ ಕಾಗದಕ್ಕೆ ಇಳಿಸಿ, ಕತ್ತರಿಸಿ, ಪ್ರತಿ ತುಂಡಿನ ಮೇಲೂ ಅಳತೆ ಬರೆದು, ಸುತ್ತಿ ಶಿವರಾಜನಿಗೆ ಕೊಟ್ಟಳು. ಫ್ರೇಮು ಎದ್ದ ವಾರ ಅವಳ ಗಾರ್ಮೆಂಟ್ಸ್‌ನಲ್ಲಿ ದೊಡ್ಡ ಆರ್ಡರು ಹೊರಡುವುದಿತ್ತು. ಸುಭಾಷ್ ಮಗಳ ಜೊತೆ ಹೋಗಿ ನೋಡಿಕೊಂಡು ಬಂದ.

“ಹೆಂಗಿದೆ?” ಕೇಳಿದಳು.

“ಚೆನ್ನಾಗಿದೆ,” ಅಂದ.

ಪೂರ್ಣಿಮೆಗೆ ಹನ್ನೆರಡು ದಿನ ಇದೆ ಅನ್ನುವಾಗ ಗಾಡಿ ತಯಾರಾಯಿತು. ಬಿಳೀ ಪೆಟ್ಟಿಗೆ, ಬದಿಯಲ್ಲಿ ಅರ್ಪಿತ ಆರಿಸಿದ ನೀಲಿ ಪಟ್ಟಿ. ಹಿಂದಿನ ಬಾಗಿಲು ಎತ್ತಿದರೆ ಒಲೆಯ ಟ್ರೇ ಹೊರಕ್ಕೆ ಜಾರುತ್ತಿತ್ತು. ಲತಾಮಣಿ ಅದನ್ನೆಲ್ಲ ನೋಡಲಿಲ್ಲ. ನೇರ ಮುಂದಿನ ಕೋಣೆಗೆ ಹೋಗಿ ತನ್ನ ಸೀಟಿನಲ್ಲಿ ಕೂತು, “ರೀ, ಬನ್ನಿ,” ಅಂದಳು. ಸುಭಾಷ್ ಎದುರು ಕೂತ. ಇಬ್ಬರ ಮಂಡಿಗಳೂ ಡಿಕ್ಕಿ ಹೊಡೆದವು.

ಅವಳು ಸ್ವಲ್ಪ ಓರೆಯಾದಳು. ಆಗ ಬೆನ್ನು ಬೇಸಿನ್ನಿಗೆ ಒತ್ತಿತು. ಚೀಲಕ್ಕೆಂದು ಕೈ ಎತ್ತಿದಾಗ ಮೊಣಕೈ ಅವನ ಎದೆಗೆ ತಾಗಿತು, ಮೇಲಿನ ಚೀಲದ ಟ್ಯೂಬು ಇಳಿಯಬೇಕಾದ ಜಾಗಕ್ಕೇ. ಬ್ಯಾಗಿನಿಂದ ಟೇಪು ತೆಗೆದು ಗೋಡೆಯಿಂದ ಗೋಡೆಗೆ ಹಿಡಿದಳು. ಐವತ್ತೈದು ಇಂಚು. ಇನ್ನೊಮ್ಮೆ ಹಿಡಿದಳು. ಐವತ್ತೈದೇ.

“ಶಿವರಾಜ್, ನಾನು ಅರವತ್ತು ಕೊಟ್ಟಿದ್ದೆ.”

“ಅರವತ್ತೇ ಇದೆ ಮೇಡಂ. ಹೊರಗಡೆ ಹಿಡೀರಿ.”

“ಹೊರಗೆ ಕೂತ್ಕೊಳ್ತಾರಾ ಯಾರಾದ್ರೂ?”

“ಗಾಡಿಗೆಲ್ಲ ಹೊರಗಿನ ಅಳತೇನೇ ಮೇಡಂ ಕೊಡೋದು. ಈ ಕಡೆ ಎರಡೂವರೆ ಇಂಚು, ಆ ಕಡೆ ಎರಡೂವರೆ. ಪೈಪು, ಒಳಗೆ ಶೀಟು, ಹೊರಗೆ ಶೀಟು, ಮಧ್ಯೆ ಥರ್ಮೋಕೋಲು. ಗೋಡೆಗೆ ದಪ್ಪ ಬೇಡ್ವಾ?”

ಅವಳಿಗೆ ಅಲ್ಲೇ ಗೊತ್ತಾಯಿತು. ಇಪ್ಪತ್ತೊಂದು ವರ್ಷದಿಂದ ಅವಳು ಬರೆಯುತ್ತಿದ್ದದ್ದು ತೊಟ್ಟ ಮೇಲೆ ಎಷ್ಟಿರಬೇಕೋ ಆ ಅಳತೆ. ಹೊಲಿಗೆಗೆ ಬಿಡಬೇಕಾದ ಬಟ್ಟೆಯನ್ನು ಕೆಳಗೆ ಬೇರೆಯಾಗಿ ಬರೆಯುವುದು ಅವಳ ಫ್ಯಾಕ್ಟರಿಯ ಪದ್ಧತಿ. ಕಟಿಂಗ್‌ನವರು ತಾವೇ ಸೇರಿಸಿಕೊಳ್ಳುತ್ತಾರೆ, ಅವರಿಗೆ ಹೇಳುವ ಅಗತ್ಯವೇ ಇಲ್ಲ. ಇಲ್ಲಿಯೂ ಹೇಳಿರಲಿಲ್ಲ. ಬೈಯಬೇಕೆಂದು ಬಾಯಿಗೆ ಬಂದದ್ದು ಅರ್ಧ ತನಗೇ ತಾಗುತ್ತಿತ್ತು. ಆದರೂ ಅಂದಳು, “ಕಟ್ಟೋವಾಗ ಒಂದು ಮಾತು ಕೇಳಬೇಕಲ್ವಾ?”

“ಕೇಳ್ದೆ ಮೇಡಂ.” ಶಿವರಾಜ ಸುಭಾಷ್‌ನ ಮುಖ ನೋಡಿದ. “ಫ್ರೇಮ್ ಎದ್ದ ದಿನ ಸಾರ್‌ಗೆ ತೋರಿಸ್ದೆ. ಒಳಗೆ ಐದಿಂಚು ಹೋಗುತ್ತೆ, ಎದುರುಬದುರು ಕೂತ್ರೆ ಮಂಡಿ ತಾಗುತ್ತೆ, ಅಗಲ ಮಾಡ್ಲಾ ಅಂತ. ಸಾರೇ, ಇರ್ಲಿ ಬಿಡು ಅಂದ್ರು.”

ಸುಭಾಷ್ ಬೇಸಿನ್ನಿನ ಪೆಡಲ್ ಮೇಲೆ ಕಾಲಿಟ್ಟು ತುಳಿದ. ನೀರು ಬಂತು. ಕಾಲು ತೆಗೆದ. ನಿಂತಿತು.

ಒಡೆದು ಅಗಲ ಮಾಡಲು ಒಂದು ತಿಂಗಳು ಬೇಕು, ಕೂಲಿ ಬೇಡ, ಶೀಟಿನ ಖರ್ಚು ಕೊಟ್ಟರೆ ಸಾಕು ಎಂದ ಶಿವರಾಜ. ಅವಳು ಟೇಪು ಸುತ್ತಿ ಬ್ಯಾಗಿಗೆ ಹಾಕಿ ಜೀಪು ಹತ್ತಿದಳು. ಬನ್ನೇರುಘಟ್ಟ ರಸ್ತೆಯಲ್ಲಿ ಗಾಡಿಗಳು ಹೆಜ್ಜೆಹೆಜ್ಜೆಗೆ ನಿಲ್ಲುತ್ತಿದ್ದವು. ಎರಡು ಸಿಗ್ನಲ್ ದಾಟಿದರು.

“ಯಾಕೆ?” ಅಂದಳು ಕೊನೆಗೆ.

“ಯಾಕೆ ಅಂದ್ರೆ?”

“ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ? ನೀವು ಬಸ್ಸು ಕಟ್ಟಿದವರು. ಗೋಡೆ ದಪ್ಪ ನಿಮಗೆ ಗೊತ್ತಿಲ್ವಾ?”

ಸುಭಾಷ್ ಗೇರು ಬದಲಾಯಿಸಿದ. “ದಿನಕ್ಕೆ ನಾಲ್ಕು ಸಲ, ಲತಾ. ನಿನ್ನ ಮುಖ ಎದುರಿಗೆ. ಮಾಸ್ಕಿನ ಮೇಲೆ ಎರಡು ಕಣ್ಣು. ಇವನು ಎಲ್ಲಿ ತಪ್ಪು ಮಾಡ್ತಾನೆ ಅಂತ ಕಾಯ್ತಾ ಇರೋ ಕಣ್ಣು.”

“ಮಾಡಿದ್ರಲ್ಲ.”

“ಮಾಡ್ದೆ. ಒಂದ್ಸಲ.”

“ಆ ಒಂದ್ಸಲಕ್ಕೆ ಹದಿನೆಂಟು ದಿನ. ಆಸ್ಪತ್ರೆ ಕಾರಿಡಾರಲ್ಲಿ ಮಲಗಿದ್ದು ನಾನು.”

“ಇಲ್ಲ ಅಂದ್ನಾ? ನಿಂಗೆ ನನ್ನ ಮೇಲೆ ನಂಬಿಕೆ ಬರೋ ಹೊತ್ತಿಗೆ ನಾನೇ ಇರಲ್ಲ. ಇನ್ನೂರು ರಿವೆಟ್ ಸಾಲಾಗಿ ಹೊಡೀತಿದ್ದವನು, ಒಂದು ಕೂದಲೆಳೆ ಆಚೀಚೆ ಆಗ್ತಿರಲಿಲ್ಲ. ನಂಗೆ ಕೈ ತೊಳ್ಕೊಳೋಕೆ ಬರಲ್ವಾ? ಫ್ಯಾನ್ ಸ್ವಿಚ್ ಹೊರಗೆ ಹಾಕಿಸಿದೀಯ.”

ಹಿಂದಿನ ಸೀಟಿನಿಂದ ಅರ್ಪಿತ ಅಂದಳು, “ಅಪ್ಪ, ಸಿಗ್ನಲ್ ಬಿಟ್ಟಿದೆ. ಹಿಂದಿನವರು ಬೈತಾ ಇದಾರೆ.”

ಮೂರು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ಚೀಲ ಬದಲಾಯಿಸುವಾಗ ಎದುರುಬದುರು ಕೂತರೂ ಅವಳು ಅವನ ಕೈಯನ್ನು ನೋಡದೆ ಗೋಡೆಯ ಕ್ಯಾಲೆಂಡರ್ ನೋಡಲು ಪ್ರಯತ್ನಿಸಿದಳು. ಆಗುತ್ತಿರಲಿಲ್ಲ. ಕಣ್ಣು ತಾನಾಗಿ ಕೈಗೇ ಬರುತ್ತಿತ್ತು. ಅವನು ಹೇಳಿದ್ದು ಸುಳ್ಳಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು. ಅದರಿಂದ ಹೆದರಿಕೆ ಏನೂ ಕಮ್ಮಿಯಾಗಲಿಲ್ಲ.

ನಾಲ್ಕನೇ ದಿನ ಹೇಳಿದಳು. “ಪೂರ್ಣಿಮೆಗೆ ಹೋಗಿ ಬರೋಣ. ನಾನು ಬಾಗಿಲ ಹೊರಗೆ ನಿಂತಿರ್ತೀನಿ. ಬಂದ ಮೇಲೆ ಶಿವರಾಜ್ ಹತ್ರ ಬಿಟ್ಟು ಅಗಲ ಮಾಡಿಸೋದು.”

“ಸರಿ,” ಅಂದ ಸುಭಾಷ್. ಹೋಗುವುದಕ್ಕೆ ಸರಿಯೋ, ಅಗಲ ಮಾಡಿಸುವುದಕ್ಕೆ ಸರಿಯೋ, ಅವಳು ಬಿಡಿಸಿ ಕೇಳಲಿಲ್ಲ.

ಪೂರ್ಣಿಮೆಯ ದಿನ ಮಧ್ಯಾಹ್ನದ ಚೀಲ ಮನೆಯಲ್ಲೇ ಮುಗಿಸಿ ಹೊರಟರು. ಕನಕಪುರದವರೆಗೆ ಟ್ರೇಲರು ಹಿಂದೆ ಇದೆಯೋ ಇಲ್ಲವೋ ಅನ್ನುವ ಹಾಗೆ ಬಂತು. ಟಾರು ಮುಗಿದಲ್ಲಿ ಸುಭಾಷ್ ಇಳಿದು ನಾಲ್ಕೂ ಕಡೆ ನೋಡಿ, ಕೊಂಡಿ ಅಲ್ಲಾಡಿಸಿ, ಮತ್ತೆ ಹತ್ತಿದ. ದಾರಿಯಲ್ಲಿ ಮೊಣಕಾಲುದ್ದದ ಗುಂಡಿಗಳು, ಮೇ ತಿಂಗಳ ಹಿಟ್ಟಿನಂಥ ಧೂಳು. ಎರಡನೇ ಹಳ್ಳ ಇಳಿಯುವಾಗ ಜೀಪು ಎಡಕ್ಕೆ ವಾಲಿ, ಟ್ರೇಲರು ಬಲಕ್ಕೆ ವಾಲಿ, ಕೊಂಡಿ ನರಳಿತು. ಅರ್ಪಿತ ಸೀಟಿನ ಕಂಬಿ ಹಿಡಿದುಕೊಂಡಳು. ಸುಭಾಷ್ ಗಡಿಬಿಡಿ ಮಾಡದೆ ಸಣ್ಣ ಗೇರಿನಲ್ಲಿ ಎಳೆದು ಮೇಲೆ ಹತ್ತಿಸಿದ. ಅವನು ಶಿಳ್ಳೆ ಹಾಕುತ್ತಿದ್ದ. ಮೂರು ವರ್ಷದಲ್ಲಿ ಲತಾಮಣಿ ಅದನ್ನು ಕೇಳಿರಲಿಲ್ಲ.

ಬೋರಯ್ಯ ಹೊಲದ ಬಾಯಲ್ಲೇ ನಿಂತಿದ್ದ. “ಬಂದ್ಬುಟ್ಯಾ ಸುಭಾಷಾ. ನಾನು ನೀನು ಬರಾಕಿಲ್ಲ ಅಂತ ಪಾಯಸಕ್ಕೆ ಒಂದು ಪಾವು ಅಕ್ಕಿ ಕಮ್ಮಿ ಹಾಕಿವ್ನಿ.” ಆಮೇಲೆ ಟ್ರೇಲರಿನ ಸುತ್ತ ಒಂದು ಸುತ್ತು ಬಂದು, “ಇದೇನವ್ವ ಲತಾ, ಐಸ್‌ಕ್ರೀಂ ಗಾಡಿ ಹೊಡ್ಕಂಡು ಬಂದ್ಬುಟ್ಟಿದೀರಿ,” ಅಂದ.

ಬೇರೆಯವರೆಲ್ಲ ಬಂಡೆಯ ಮೇಲೆ ಆಗಲೇ ಸೇರಿದ್ದರು. ಲತಾಮಣಿ ಮೊದಲು ಮಾಡಿದ್ದು ಮುಂದಿನ ಕೋಣೆ ತೆರೆದು, ಬಿಳೀ ಬಟ್ಟೆಯನ್ನು ಬೆರಳಿಗೆ ಸುತ್ತಿ ಗೋಡೆ, ಸೂರು, ದುಂಡು ಮೂಲೆ, ಬಾಗಿಲ ಕೆಳಗಿನ ಪಟ್ಟಿ ಎಲ್ಲವನ್ನೂ ಒರೆಸಿದ್ದು. ಹೊರಗೆ ಟ್ರೇಲರು ಕಂದು ಬಣ್ಣಕ್ಕೆ ತಿರುಗಿತ್ತು. ಬಟ್ಟೆ ಬಿಳಿಯೇ ಇತ್ತು. ಸ್ಪಿರಿಟ್ ಹಾಕಿ ಇನ್ನೊಮ್ಮೆ ಒರೆಸಿದಳು. ಚೀಲವನ್ನು ಕೊಕ್ಕೆಯ ಹತ್ತಿರ ಇಟ್ಟಳು. ತನ್ನ ಸೀಟನ್ನು ಮಡಚಿ ಗೋಡೆಗೆ ಒತ್ತಿದಳು.

ಆರಕ್ಕೆ ಸುಭಾಷ್ ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ರಬ್ಬರು ಕೂತ ಸದ್ದಾಯಿತು.

ಅವಳು ಗಡಿಯಾರ ನೋಡಿಕೊಂಡು ಹೊರಗಿನ ಬಾಗಿಲಿಗೆ ಅಡ್ಡವಾಗಿ ನಿಂತಳು. ಆ ಹೊತ್ತಲ್ಲೂ ಟ್ರೇಲರಿನ ತಗಡು ಬಿಸಿ. ಒಳಗೆ ಎಷ್ಟಿರಬೇಕು. ಛತ್ರದ ರೂಮಿಗಿಂತ ಜಾಸ್ತಿಯೇ ಇರಬೇಕು. ಫ್ಯಾನಿನ ಸ್ವಿಚ್ಚು ಅವಳ ಭುಜದ ಪಕ್ಕದಲ್ಲೇ ಇತ್ತು, ಅದನ್ನು ಹಾಕುವುದು ಅವನ ಕೈಯಲ್ಲಿ ಇಲ್ಲ. ಆದರೆ ಕಿಟಕಿ ಇದೆ. ಒಂದು ಬೆರಳಷ್ಟು ಸರಿಸಿದರೆ ಹೊರಗಿನವರಿಗೆ ಗೊತ್ತಾಗುವುದೂ ಇಲ್ಲ. ಒಳಗೆ ನೀರು ಬಿದ್ದ ಸದ್ದು ಕೇಳಿತು. ನಿಂತಿತು.

ಬಂಡೆಯ ಮೇಲೆ ಅವರು ಬುದ್ಧವಂದನೆ ಶುರು ಮಾಡಿದರು. ಅರ್ಪಿತಳ ದನಿ ಎಲ್ಲರಿಗಿಂತ ಮುಂದೆ ಓಡುತ್ತಿತ್ತು. ಬೋರಯ್ಯ ಅವಳನ್ನು ನಿಧಾನಿಸಲು ತೊಡೆ ತಟ್ಟುತ್ತಿದ್ದ.

ಆರೂ ಹದಿನೈದಕ್ಕೆ ಒಳಗೆ ಮತ್ತೆ ನೀರಿನ ಸದ್ದಾಯಿತು. ಈಗ್ಯಾಕೆ ನೀರು? ಇಷ್ಟೊತ್ತಿಗೆ ಟ್ಯೂಬು ಜೋಡಿಸಿ ಹಳೇದು ಇಳಿಯುತ್ತಿರಬೇಕು. ಆಮೇಲೆ ಏನೂ ಕೇಳಿಸಲಿಲ್ಲ. ಆರೂವರೆ. ಆರು ಐವತ್ತು. ಇಷ್ಟರಲ್ಲಿ ಮುಗಿದಿರಬೇಕಿತ್ತು. ತಲೆಸುತ್ತಿ ಬಿದ್ದಿದ್ದಾನೋ. ಮುಚ್ಚಳ ಕೈಜಾರಿತೋ. ಕೈಜಾರಿದ್ದನ್ನೇ ಎತ್ತಿ ಹಾಕಿಕೊಂಡನೋ. ಅವಳ ಕೈ ಹಿಡಿಕೆಯ ಮೇಲೆ ಬಂದು ಕೂತಿತ್ತು. ಬಂಡೆಯ ಕಡೆಯಿಂದ ಗಾಳಿ ಎದ್ದಿತ್ತು, ಹೊಲದ ಧೂಳು ಕಾಲಬುಡದಲ್ಲಿ ಸುತ್ತುತ್ತಿತ್ತು. ಈಗ ಬಾಗಿಲು ತೆಗೆದರೆ ಆ ಧೂಳೆಲ್ಲ ನೇರ ಒಳಗೆ. ಅವನು ತಪ್ಪು ಮಾಡಿರದಿದ್ದರೆ, ಈ ಸಲದ ತಪ್ಪು ಅವಳದೇ ಆಗುತ್ತದೆ.

“ರೀ,” ಅಂದಳು.

ಕಿವಿಯನ್ನು ತಗಡಿಗೆ ಒತ್ತಿದಳು.

“ರೀ, ಕೇಳಿಸ್ತಾ?”

“ಬಾಗಿಲು ಮುಟ್ಟಬೇಡ.” ಮಾಸ್ಕಿನೊಳಗಿನ ದನಿ. “ಹೊಸದು ಹೋಗ್ತಾ ಇದೆ. ಇನ್ನು ಐದು ನಿಮಿಷ.”

“ಯಾಕೆ ಇಷ್ಟೊತ್ತು?”

“ಐದು ನಿಮಿಷ ಅಂದ್ನಲ್ಲ.”

ಅವಳು ಹಿಡಿಕೆ ಬಿಟ್ಟು ಎರಡು ಹೆಜ್ಜೆ ಹಿಂದೆ ಬಂದು, ಜೀಪಿನ ಬಂಪರಿನ ಮೇಲೆ ಕೂತಳು.

ಐದು ಅಂದದ್ದು ಒಂಬತ್ತಾಯಿತು. ಬಾಗಿಲು ತೆರೆಯಿತು. ಸುಭಾಷ್ ಸ್ನಾನ ಮಾಡಿ ಬಂದವನ ಹಾಗೆ ತೊಯ್ದಿದ್ದ, ಬನಿಯನ್ ಮೈಗೆ ಅಂಟಿತ್ತು. ಕೈಯಲ್ಲಿ ಇಳಿದ ಚೀಲ.

“ಮುಚ್ಚಳ ತೆಗೆಯೋಕೆ ಮುಂಚೆ ಬೆರಳು ಗೋಡೆಗೆ ತಾಗಿಬಿಡ್ತು,” ಅಂದ. “ಜಾಗ ಹೊಸದಲ್ವಾ, ಅಭ್ಯಾಸ ಇಲ್ಲ. ಮತ್ತೆ ಮೊದಲಿಂದ ಕೈ ತೊಳ್ಕೊಂಡೆ. ಅದಕ್ಕೇ ಹೊತ್ತಾಯ್ತು.”

“ಗೋಡೆ ನಾನೇ ಒರೆಸಿದ್ದೆ. ಎರಡು ಸಲ.”

“ಆದ್ರೂ.”

ಅವಳು ಚೀಲ ತೆಗೆದುಕೊಂಡು ಆಕಾಶದ ಬೆಳಕಿಗೆ ಹಿಡಿದಳು. ತಿಳಿಯಾಗಿತ್ತು, ಆಚೆಗಿನ ಬಂಡೆ, ಬಂಡೆಯ ಮೇಲಿನ ಜನ, ಒಲೆಯ ಹೊಗೆ ಎಲ್ಲ ಅದರೊಳಗಿಂದ ತಲೆಕೆಳಗಾಗಿ ಕಾಣುತ್ತಿತ್ತು. ಇದರಿಂದ ಇವತ್ತಿನ ವಿಷಯ ಏನೂ ಗೊತ್ತಾಗುವುದಿಲ್ಲ. ಇದು ಮಧ್ಯಾಹ್ನ ಮನೆಯಲ್ಲಿ ತುಂಬಿದ್ದು. ಇವತ್ತು ಏನಾದರೂ ಒಳಗೆ ಹೋಗಿದ್ದರೆ ಅದು ತಿಳಿಯುವುದು ಇನ್ನೆರಡು ದಿನದ ಮೇಲೆ. ಇಬ್ಬರಿಗೂ ಗೊತ್ತಿತ್ತು.

“ಕಿಟಕಿ ತೆಗೆದ್ರಾ?”

“ಇಲ್ಲ.”

ಅವಳು ಅವನ ತೊಯ್ದ ಬನಿಯನ್ ನೋಡಿದಳು. ಮತ್ತೆ ಕೇಳಲಿಲ್ಲ. ಕೈ ಚಾಚಿ ಫ್ಯಾನಿನ ಸ್ವಿಚ್ಚು ಹಾಕಿದಳು. ಸುಭಾಷ್ ಬಾಗಿಲಲ್ಲಿ ನಿಂತು ಗಾಳಿಗೆ ಮುಖ ಎತ್ತಿದ.

“ಹತ್ತೂವರೇದಕ್ಕೆ ನೀನು ನಿಂತ್ಕೋಬೇಡ,” ಅಂದ. “ಅಲ್ಲಿ ಎಲ್ರ ಜೊತೆ ಇರು. ನೀನು ಹೊರಗೆ ಉಸಿರು ಬಿಡೋದು ಒಳಗೆ ಕೇಳಿಸುತ್ತೆ.”

“ಸೋಮವಾರ?”

“ಸೋಮವಾರ ಏನು?”

“ಮಧ್ಯಾಹ್ನ. ಬರಬೇಡ ಅಂತೀರಾ?”

ಬಂಡೆಯ ಹಿಂದೆ ಚಂದ್ರ ಬರುತ್ತಿದ್ದ, ಇನ್ನೂ ಕೆಂಪಗಿದ್ದ. ಬೋರಯ್ಯ ಅಲ್ಲಿಂದಲೇ ಪಾಯಸ ಆರ್ತದೆ ಎಂದು ಕೂಗಿದ.

“ಬರಬೇಡ,” ಅಂದ.

ಲತಾಮಣಿ ಮನಸ್ಸಿನಲ್ಲೇ ದಿನ ಎಣಿಸಿದಳು. ಇವತ್ತು ಶನಿವಾರ. ಜ್ವರ ಬರುವುದಿದ್ದರೆ ಸೋಮವಾರ, ಮಂಗಳವಾರ. ಏನಿದ್ದರೂ ಬುಧವಾರದ ಹೊತ್ತಿಗೆ ತಿಳಿದುಹೋಗುತ್ತದೆ.

“ಬುಧವಾರದವರೆಗೆ ಬರ್ತೀನಿ,” ಅಂದಳು. “ಗುರುವಾರದಿಂದ ಮಧ್ಯಾಹ್ನದ್ದು ನೀವೇ ಮಾಡ್ಕೊಳಿ. ಮಿಕ್ಕ ಮೂರು ಆಮೇಲೆ ನೋಡೋಣ.”

“ಮಂಗಳವಾರ.”

“ಬುಧವಾರ.”

“ಆಯ್ತು, ಬುಧವಾರ,” ಅಂದ ಸುಭಾಷ್. ಶರ್ಟು ಹಾಕಿಕೊಂಡು ಬಂಡೆಯ ಕಡೆ ನಡೆದ.

ಅವಳು ಚೀಲ ಖಾಲಿ ಮಾಡಿ, ಕೈ ತೊಳೆದು, ಒಳಗೆ ಒಂದು ಸಲ ನೋಡಿದಳು. ಅವನು ಎಲ್ಲ ಒರೆಸಿಟ್ಟಿದ್ದ. ಮಡಚಿದ ಸೀಟನ್ನು ಒಂದು ಕೈಯಲ್ಲಿ ಹಿಡಿದು ನೋಡಿದಳು, ನಾಲ್ಕು ಸ್ಕ್ರೂ. ಶಿವರಾಜನಿಗೆ ಹತ್ತು ನಿಮಿಷದ ಕೆಲಸ. ಅದನ್ನು ಬಿಚ್ಚಿಸಿದರೆ ಅಲ್ಲಿ ಚೀಲದ ಡಬ್ಬಗಳಿಗೆ ಒಂದು ಶೆಲ್ಫು ಆಗುತ್ತದೆ. ಬಿಚ್ಚಿಸುವುದೋ ಅಗಲ ಮಾಡಿಸುವುದೋ, ಅದನ್ನೂ ಬುಧವಾರ ಫೋನ್ ಮಾಡಿ ಹೇಳಬೇಕು ಅಂದುಕೊಂಡು ಬಾಗಿಲು ಎಳೆದು, ರಬ್ಬರು ಸರಿಯಾಗಿ ಕೂತಿತೇ ಎಂದು ಬೆರಳಾಡಿಸಿ ನೋಡಿ, ಪಾಯಸಕ್ಕೆ ಹೋದಳು.